ಕೊಳ ತೊಳೆದ ಇಂಜಿನಿಯರ್ರು

ಅಪ್ಪ ರಿಟೈರ್ ಆದಮೇಲೆ ಚಿತ್ರದುರ್ಗದ ಮನೆ ಹಿತ್ತಲಲ್ಲಿ ಪುಟ್ಟ ಕೊಳ ಕಟ್ಟಿಸಿದ್ರು. ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳ. ಸುಮಾರು 1350 ಲೀಟರ್ ನೀರು, ಒಂದು ನೈದಿಲೆ, ಎಂಟು ಮೀನು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲೇ ಕೂರೋದು ಅವರ ಅಭ್ಯಾಸ.

ಹೋದ ಬೇಸಿಗೆಯಲ್ಲಿ ನೋಡ್ತೀನಿ, ನೀರೆಲ್ಲಾ ಹಸಿರು, ತಳದಲ್ಲಿ ಬೆರಳುದ್ದ ಕೆಸರು. "ಬಕೆಟ್ಟಲ್ಲಿ ಸ್ವಲ್ಪ ಸ್ವಲ್ಪ ತೆಗೆದ್ರಾಯ್ತು ಬಿಡೋ" ಅಂದ್ರು ಅಪ್ಪ. ನಾನು ಬಿಡ್ತೀನಾ? ನೀರನ್ನೂ ಎಳೆಯೋ ವ್ಯಾಕ್ಯೂಮ್ ಕ್ಲೀನರ್ರನ್ನ ಬೆಂಗಳೂರಿಂದ ತಂದೇಬಿಟ್ಟೆ. ಅದರ ಡ್ರಮ್ಮು ಇಪ್ಪತ್ತು ಲೀಟರಿನದು. ಸ್ವಿಚ್ ಹಾಕಿದ ಅರ್ಧ ನಿಮಿಷಕ್ಕೇ ಗೊರ್ರ್ ಅಂತ ತುಂಬಿಕೊಳ್ತಿತ್ತು. ಎತ್ತು, ತೆಂಗಿನ ಬುಡಕ್ಕೆ ಸುರಿ, ಮತ್ತೆ ಹಾಕು... ಹೀಗೆ ಅರವತ್ತಕ್ಕೂ ಹೆಚ್ಚು ಸಲ! ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು, ಕೊಳ ಮಾತ್ರ ಸ್ಟೀಲ್ ತಟ್ಟೆ ಥರ ಹೊಳೀತಿತ್ತು. ಗೋಡೆಯ ಪಾಚೀನೂ ಬಿಡದೆ ಉಜ್ಜಿದ್ದೆ. ನಲ್ಲಿ ನೀರು ತುಂಬಿಸಿ, ಟಬ್ಬಿನಲ್ಲಿದ್ದ ಮೀನು ಬಿಟ್ಟು, ರಾತ್ರಿ ಬಸ್ಸು ಹತ್ತಿದೆ.

ಮೂರು ದಿನ ಅಪ್ಪ ಫೋನಲ್ಲಿ ಕೊಳದ ಮಾತೇ ಎತ್ತಲಿಲ್ಲ. ಕೊನೆಗೆ ಅಮ್ಮ ಹೇಳಿದ್ಲು, ಐದು ಮೀನು ಸತ್ತುಹೋದ್ವು ಅಂತ. "ನೀನು ಬೇಜಾರು ಮಾಡ್ಕೋತೀಯ ಅಂತ ಅವ್ರು ಹೇಳಿಲ್ಲ ಕಣೋ."

ಆಮೇಲೆ ಕೂತು ಓದಿದೆ. ಮೀನಿನ ಹೊಲಸಿನಿಂದ ಬರೋ ಅಮೋನಿಯಾ ಅವಕ್ಕೇ ವಿಷ. ಅದನ್ನ ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಗೋಡೆಯ ಲೋಳೆಯಲ್ಲೇ ಇರ್ತಾವೆ. ನಾನು ಉಜ್ಜಿ ಎಸೆದದ್ದು ಅದನ್ನೇ! ಮೇಲಿಂದ ನಲ್ಲಿ ನೀರಿನ ಕ್ಲೋರಿನ್ ಬೇರೆ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಚಂದ್ರವಳ್ಳಿಗೆ ಹೋದೆ. ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲಿನ ಶಾಸನ ನೋಡಿದ್ದೀರಾ? ನಾಲ್ಕನೇ ಶತಮಾನದ ಕದಂಬ ಮಯೂರಶರ್ಮನದ್ದು. ಡಾ. ಎಂ.ಎಚ್. ಕೃಷ್ಣ ಅವರು ಓದಿದ ಪ್ರಕಾರ ಅದರಲ್ಲಿ ಗೆದ್ದವರ ಪಟ್ಟಿಗಿಂತ ಮೊದಲು ಬರೋದು ಕೆರೆ ಕಟ್ಟಿಸಿದ ಮಾತು.

"ಕಟ್ಟಿಸಿದವನ ಹೆಸರು ಉಳೀತು. ವರ್ಷಾ ವರ್ಷಾ ಹೂಳು ಹೊತ್ತವರದ್ದು?" ಅಂದೆ, ದೊಡ್ಡ ಮಾತಾಡಿದವನ ಥರ.

ಅಪ್ಪ ನಕ್ಕರು. "ಹಿಂದೆ ಕೆರೆ ನೋಡ್ಕೊಳೋರಿಗೆ ಹೊಲ ಬಿಟ್ಟುಕೊಡ್ತಿದ್ರು, ಕಟ್ಟುಕೊಡಗೆ ಅಂತ. ಇದು ಒಂದು ಭಾನುವಾರದ ಕೆಲಸ ಅಲ್ಲ ಅಂತ ಅವರಿಗೆ ಗೊತ್ತಿತ್ತು ಕಣೋ."

ನನಗೆ ಸಿಕ್ಕ ಬೈಗುಳ ಇಷ್ಟೇ.

ಈಗ ತಿಂಗಳಿಗೊಮ್ಮೆ ಊರಿಗೆ ಹೋಗ್ತೀನಿ. ಎರಡೇ ಡ್ರಮ್ಮು ಕೆಸರು ತೆಗೀತೀನಿ, ಗೋಡೆ ಮುಟ್ಟಲ್ಲ. ನಲ್ಲಿ ನೀರನ್ನ ಎರಡು ದಿನ ಬಿಸಿಲಲ್ಲಿಟ್ಟು ಅಪ್ಪನೇ ಹಾಕ್ತಾರೆ. ಉಳಿದ ಮೂರು ಮೀನು ಚೆನ್ನಾಗಿವೆ. ಹೊಸದು ತರ್ಲಾ ಅಂದ್ರೆ "ಇರ್ಲಿ, ನಿಧಾನಕ್ಕೆ" ಅಂತಾರೆ.

ನಿಮ್ಮನೇಲೂ ಕೊಳ ಇದ್ರೆ, ತಿಕ್ಕೋ ಮುಂಚೆ ಒಂದ್ಸಲ ಅಪ್ಪನ್ನ ಕೇಳಿ :)