‘ಹೋಗಿ ಬರ್ತೀನಿ’ಗೆ ಇಂಗ್ಲಿಷಿನಲ್ಲಿ ಏನಂತಾರೆ?

ಹೊಸಿಲು ದಾಟುವಾಗ ನಾವ್ಯಾರಾದರೂ ಬಾಯಿ ತಪ್ಪಿ ‘ಹೋಗ್ತೀನಿ’ ಅಂದುಬಿಟ್ಟರೆ ನಮ್ಮಮ್ಮ ಬೆನ್ನ ಹಿಂದೆಯೇ ಗದರುತ್ತಿದ್ದಳು. “ಹೋಗ್ತೀನಿ ಅಂತಾರೇನೇ? ಹೋಗಿ ಬರ್ತೀನಿ ಅನ್ನು!” ನಾವು ಒಳಗೆ ಬಂದು, ಒಂದು ನಿಮಿಷ ಕೂತು, ನೀರು ಕುಡಿದು, ಸರಿಯಾಗಿ ಹೇಳಿ ಮತ್ತೆ ಹೊರಡಬೇಕಿತ್ತು. ನಿಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ?

ಆ ಮಾತು ಈಗ ನೆನಪಾಗಲು ಕಾರಣವಿದೆ. ಟೆಕ್ಸಾಸಿನಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ. ಬರುವ ವಾರ ನಾನು ಬಾಣಂತನಕ್ಕೆ ವಿಮಾನ ಹತ್ತಬೇಕು, ಅದೂ ಒಬ್ಬಳೇ. ಇವರಿಗೆ ಮಂಡಿನೋವು, ಅಷ್ಟು ಹೊತ್ತು ಕೂರಲಾರರು. ಇವರು ಮೇಷ್ಟರಾಗಿ ನಿವೃತ್ತರಾದವರು ನೋಡಿ, ಪಾಠ ಹೇಳುವ ಚಪಲ ಹೋಗಿಲ್ಲ. ಎರಡು ತಿಂಗಳಿಂದ ನನಗೊಂದು ನೋಟ್‌ಬುಕ್ ಕೊಟ್ಟು ಪ್ರಯಾಣದ ಇಂಗ್ಲಿಷ್ ಬರೆಸುತ್ತಿದ್ದಾರೆ.

ಒಂದು ಕ್ರಿಯಾಪದ, ಅದರ ಬಾಲಕ್ಕೊಂದು ಪುಟ್ಟ ಪದ. ಬಾಲ ಬದಲಾದರೆ ಅರ್ಥವೇ ಬೇರೆ! ಸೆಟ್ ಔಟ್ ಅಂದರೂ ಹೊರಡುವುದೇ, ಸೆಟ್ ಆಫ್ ಅಂದರೂ ಹೊರಡುವುದೇ. “ಮೊದಲನೆಯದರಲ್ಲಿ ಏನೋ ಒಂದು ಉದ್ದೇಶದ ನೆರಳಿರುತ್ತೆ ಕಣೇ” ಎಂದು ಕಿಟಕಿಯಿಂದ ಕಾಣುವ ಕೋಟೆಯ ಕಡೆ ಕೈ ತೋರಿಸಿದರು. “ಓಬವ್ವ ನೀರು ತರೋಕೆ ಅಂತ ಹೊರಟಳಲ್ಲ, ಅದು ಸೆಟ್ ಔಟ್.” ಚಿತ್ರದುರ್ಗದವಳಿಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಬೇಕೆ? ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆಂದು ಹೊರಟಳು, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದು ಕಂಡಳು, ಒನಕೆ ಎತ್ತಿದಳು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರನ್ನು ಆ ವೇಷದಲ್ಲಿ ನೋಡಿ ಅತ್ತವರು ನಮ್ಮೂರಲ್ಲಿ ಎಷ್ಟು ಜನವೋ. ಕೋಟೆ ಕೊನೆಗೆ 1779ರಲ್ಲಿ ಹೈದರನ ಕೈಸೇರಿದರೂ ಆ ಕಿಂಡಿಗೆ ಇವತ್ತಿಗೂ ಅವಳದೇ ಹೆಸರು.

ಹೊರಡುವ ಮೊದಲು ನಾಲ್ಕೂರು ಸುತ್ತಿ ಬಳಗಕ್ಕೆಲ್ಲ ಹೇಳಿ ಬರಬೇಕಲ್ಲ. ಹೋದ ವಾರ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಹೊಳಲ್ಕೆರೆಯ ಸರ್ಕಾರಿ ಬಸ್ಸು ಹತ್ತಿದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಟಿಕೆಟ್ ಬಂದಮೇಲೆ ನಮ್ಮಂಥವರು ಹೊರಡುವುದಕ್ಕೆ ಯಜಮಾನರ ಜೇಬು ನೋಡಬೇಕಿಲ್ಲ. ಬಸ್ಸು ಹತ್ತುವುದು ಗೆಟ್ ಆನ್, ಆಟೋ ಹತ್ತುವುದು ಗೆಟ್ ಇನ್. ಒಳಗೆ ಎದ್ದು ಓಡಾಡುವಂತಿದ್ದರೆ ‘ಆನ್’, ತಲೆ ಬಗ್ಗಿಸಿ ತೂರಿ ಕೂರಬೇಕಾದರೆ ‘ಇನ್’ ಎಂದು ಇವರ ಸೂತ್ರ. ಆದರೆ ಆ ದಿನ ಬಸ್ಸಿನಲ್ಲಿದ್ದ ಜನ ನೋಡಿದರೆ ತೂರಿಕೊಂಡೇ ಹೋಗಬೇಕಿತ್ತು!

ಹೊಳಲ್ಕೆರೆಯಲ್ಲಿ ಅತ್ತಿಗೆಯ ಮನೆ. ಅವಳು ಮೊದಲು ಕರೆದುಕೊಂಡು ಹೋದದ್ದು ಬಯಲು ಗಣಪತಿಯ ಹತ್ತಿರ. ಆಳೆತ್ತರ ಮೀರಿ ಕೂತ ಗಣಪ, ಬೆನ್ನ ಮೇಲೆ ಹೆಣ್ಣುಮಕ್ಕಳಿಗಿರುವಂಥ ಜಡೆ. ಕಾಯಿ ಒಡೆಸಿ ಬರುವಾಗ ದಾರಿಯಲ್ಲಿ ಸಿಕ್ಕ ಅಜ್ಜಿಯೊಬ್ಬರು “ದೂರ ಹೊರಟಿರಾ?” ಎಂದು ಕೇಳಿದರು. ‘ಎಲ್ಲಿಗೆ’ ಅಂತ ಕೇಳಬಾರದಲ್ಲ, ಅದಕ್ಕೆ. ಹಿಂದೆ ಇನ್ನೊಂದು ಪದ್ಧತಿಯೂ ಇತ್ತಂತೆ. ಒಳ್ಳೆಯ ಗಳಿಗೆ ಬೆಳಿಗ್ಗೆಯೇ ಇದ್ದು ಗಾಡಿ ಸಂಜೆಗಿದ್ದರೆ, ಆ ಗಳಿಗೆಗೆ ಸರಿಯಾಗಿ ಒಂದು ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಸಾಕು, ಹೊರಟಂತೆಯೇ ಲೆಕ್ಕ. ಗಂಟು ಮಾತ್ರ ಹೊರಟು ಮನುಷ್ಯ ಮನೆಯಲ್ಲೇ ಊಟ ಮಾಡುತ್ತಿರುವುದಕ್ಕೆ ಇಂಗ್ಲಿಷಿನವರು ಯಾವ ಬಾಲ ಹಚ್ಚುತ್ತಾರೋ, ಇವರಿಗೂ ಗೊತ್ತಾಗಲಿಲ್ಲ.

ಬಾಲ ಹಚ್ಚುವುದರಲ್ಲಿ ನಾವೇನೂ ಕಡಿಮೆಯಿಲ್ಲ ಅನ್ನಿಸಿದ್ದು ಹೊಸದುರ್ಗದ ದಾರಿಯಲ್ಲಿ. ‘ಬಿಡು’ ಒಂದನ್ನೇ ನೋಡಿ. ಬಸ್ಸು ಬಿಟ್ಟಿತು, ಊರು ಬಿಟ್ಟ, ಮಗೂನ ಸ್ಕೂಲಿಗೆ ಬಿಟ್ಟು ಬಂದೆ, ಹೇಳದೆ ಕೇಳದೆ ಹೊರಟೇಬಿಟ್ಟ. ಇಂಗ್ಲಿಷಿನಲ್ಲಿ ರೈಲು ನಿಲ್ದಾಣ ಬಿಟ್ಟರೆ ಪುಲ್ ಔಟ್, ಮಗುವನ್ನು ಬಿಟ್ಟರೆ ಡ್ರಾಪ್ ಆಫ್, ವಿಮಾನ ನೆಲ ಬಿಟ್ಟರೆ ಟೇಕ್ ಆಫ್. ಕಾಲಿನ ಚಪ್ಪಲಿ ಬಿಟ್ಟರೂ ಟೇಕ್ ಆಫೇ! ಬೀಳ್ಕೊಡಲು ಬಂದರೆ ಸೀ ಆಫ್. ಆದರೆ ಇಡೀ ನೋಟ್‌ಬುಕ್ ತಿರುವಿ ಹಾಕಿದರೂ ಔಟ್, ಆಫ್, ಅವೇ ಎಂದು ಎಲ್ಲವೂ ಆಚೆಗೇ ಹೋಗುತ್ತವೆ. ಹೊರಡುವ ಮಾತಿನೊಳಗೇ ‘ಬರ್ತೀನಿ’ ಅಡಗಿರುವಂಥದ್ದು ಒಂದೂ ಸಿಗಲಿಲ್ಲ.

ಹೊಸದುರ್ಗದಲ್ಲಿ ನನ್ನ ತವರು. ಅಮ್ಮನಿಗೆ ಈಗ ಎಂಬತ್ತನಾಲ್ಕು. ಕಿವಿ ಮಂದ, ಕೈ ಮಾತ್ರ ಚುರುಕು. ಮೊಮ್ಮಗಳ ಬಾಣಂತನಕ್ಕೆಂದು ಅಂಟಿನುಂಡೆ ಕಟ್ಟುತ್ತಾ ಕೂತಿದ್ದಳು. ತೋಟದ ಕೊಬ್ಬರಿಯನ್ನು ತಾನೇ ತುರಿದಿದ್ದಾಳೆ. ಅಂಟನ್ನು ಸ್ವಲ್ಪಸ್ವಲ್ಪವೇ ತುಪ್ಪಕ್ಕೆ ಹಾಕಬೇಕು, ಅರಳಿನ ಹಾಗೆ ಉಬ್ಬಿದ ಕೂಡಲೇ ತೆಗೆಯಬೇಕು, ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಅಂಟುತ್ತದೆ ಎಂದು ನನಗೇ ಪಾಠ. ಆರು ತಿಂಗಳು ಅಂತ ಬೆರಳು ಮಡಿಸಿ ತೋರಿಸಿದೆ. ಏನೂ ಹೇಳಲಿಲ್ಲ. ಒಂದು ಉಂಡೆ ಜಾಸ್ತಿ ಹೊತ್ತು ಅಂಗೈಯಲ್ಲಿ ತಿರುಗಿಸಿದಳು, ಅಷ್ಟೆ.

ಮಾರನೇ ದಿನ ಕುಂಕುಮ ಇಟ್ಟು ಮಡಿಲು ತುಂಬಿದಳು. ಕಾಲಿಗೆ ನಮಸ್ಕಾರ ಮಾಡಿ ಕಿವಿಯ ಹತ್ತಿರ ಬಾಗಿ, “ಹೋಗಿ ಬರ್ತೀನಮ್ಮ” ಅಂದೆ. “ಹೂಂ, ಹೊರಡು. ಬಸ್ಸು ಬರುತ್ತೆ” ಅಂದು ಒಳಗೆ ಹೋದಳು. ‘ಹೋಗಿ ಬಾ’ ಅನ್ನಲಿಲ್ಲ! ಜೀವಮಾನವೆಲ್ಲ ನಮ್ಮನ್ನು ಆ ಒಂದು ಮಾತಿಗೆ ಗದರಿದವಳು.

ಹಿರಿಯೂರಿನ ಬಸ್ಸಿನಲ್ಲಿ ನೋಟ್‌ಬುಕ್ ತೆಗೆಯುವ ಮನಸ್ಸಾಗಲಿಲ್ಲ. ವಾಣಿವಿಲಾಸಪುರದ ಕಡೆ ಬಂದಾಗ ಎರಡು ಗುಡ್ಡಗಳ ನಡುವಿನ ಮಾರಿಕಣಿವೆ ಅಣೆಕಟ್ಟನ್ನು ನೋಡಿದೆ. ಗಂಡನನ್ನು ಕಳೆದುಕೊಂಡು, ಚಿಕ್ಕ ಮಗನ ಪರವಾಗಿ ಮೈಸೂರು ರಾಜ್ಯ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಕೆಲಸ ಶುರುವಾಗಿ, 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ವೇದಾವತಿ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷ ಬಿಟ್ಟು. ಆಗ ಊರೂರಿನಿಂದ ಜನ ನೋಡಲು ಬಂದಿದ್ದರು. ಇನ್ನು ಬರುವುದಿಲ್ಲ ಅಂದುಕೊಂಡ ನೀರು ಬಂದಿತ್ತಲ್ಲ ಎಂದು ಯೋಚಿಸುತ್ತ ಕೂತೆ.

ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಗೆಳತಿಗೆ ಕಾಯುತ್ತಿದ್ದಾಗ ಫೋನು ಬಂತು. ತಮ್ಮನ ಮಗ ಅಮ್ಮನ ಕೈಗೆ ಕೊಟ್ಟಿದ್ದ. ಕಿವಿ ಕೇಳದವರು ಫೋನಿನಲ್ಲಿ ಕೂಗುವ ಹಾಗೆ ಕೂಗಿದಳು.

“ಉಂಡೆ ಹಾಕಿರೋ ಸ್ಟೀಲ್ ಡಬ್ಬಿ ನನ್ ಮದುವೇದು ಕಣೇ! ಅಲ್ಲೇ ಬಿಟ್ಟುಗಿಟ್ಟು ಬಂದೀಯ. ನೀನೇ ತಂದು ನನ್ ಕೈಗೇ ಕೊಡಬೇಕು, ತಿಳೀತಾ?”

“ತರ್ತೀನಮ್ಮ” ಅಂತ ನಾನೂ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ.