ನಾಲ್ಕು ಹೋಸ್, ಒಂದು ಸ್ಪಿಟ್‌ಫೈರ್

ನಮ್ಮ ಮನೆ ಓನರ್ ಡಾಕ್ಟರ್ ಸಾರ್‌ಗೆ ಈಗ ಎಂಬತ್ತೊಂದು ವರ್ಷ. ಅವರ ಕಾರಿಗೆ ಅರವತ್ತು ಹತ್ತಿರ ಬಂತು. ಹರಿಹರ ಬಿಟ್ಟು ಚೆನ್ನೈಗೆ ಬಂದ ನಾನು ಅಡಯಾರಿನಲ್ಲಿ ಅವರ ಮೇಲಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದು ಹದಿನಾಲ್ಕು ವರ್ಷವಾಯಿತು. ಬಾಡಿಗೆ ಏರಿಸುವ ಮಾತು ಬಂದಾಗಲೂ ಅವರು ನನ್ನನ್ನು 'ತಂಬಿ' ಎಂದೇ ಕರೆದವರು. ಮಾಮಿ ಹೋದಮೇಲೆ ಸಂಜೆ ಹೊತ್ತು ನಮ್ಮಿಬ್ಬರ ಮಾತುಕತೆ ನಡೆಯುತ್ತಿದ್ದುದು ಹಿತ್ತಲಿನ ಶೆಡ್ಡಿನಲ್ಲಿ, ಆ ಕಾರಿನ ಪಕ್ಕದಲ್ಲಿ.

ಅದು 1966ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 2. ಎರಡೇ ಸೀಟು, ಬಟ್ಟೆಯ ಟಾಪು, 1147 ಸಿಸಿ ಎಂಜಿನ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಮೈಕಟ್ಟು. ಯಾವುದೋ ದೂತಾವಾಸದವರು ತಂದಿದ್ದ ಕಾರಂತೆ. ಆಗ ಅಂಥ ಕಾರುಗಳು ಸರಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟಕ್ಕೆ ಬರುತ್ತಿದ್ದವು. ಡಾಕ್ಟರ್ ಸಾರ್ ಎರಡನೇ ಕೈಯಲ್ಲೋ ಮೂರನೇ ಕೈಯಲ್ಲೋ ಅದನ್ನು ಕೊಂಡಿದ್ದರು. ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಮದರಾಸಿನಲ್ಲಿ ಇಷ್ಟು ವರ್ಷ ಬಾಳಿದ್ದು ಹೇಗೆ ಅಂದರೆ, ಸ್ಪಿಟ್‌ಫೈರ್ ಹುಟ್ಟಿದ್ದೇ ಟ್ರಯಂಫ್ ಹೆರಾಲ್ಡ್ ಕಾರಿನ ಅಡಿಪಾಯದ ಮೇಲೆ. ಆ ಹೆರಾಲ್ಡ್ ಇದೇ ಊರಿನ ಹೊರವಲಯದಲ್ಲಿ, ವಂಡಲೂರಿನ ಕಡೆ, ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಹೆರಾಲ್ಡಿನ ಮೈಮೂಳೆ ಬಲ್ಲ ಮೆಕ್ಯಾನಿಕ್‌ಗಳು ಇಲ್ಲಿ ಬೀದಿಗೊಬ್ಬರಿದ್ದರು. ಈಗ ಹೆಚ್ಚಿನವರಿಲ್ಲ.

ಕಳೆದ ವರ್ಷ ಡಾಕ್ಟರ್ ಸಾರ್ ಕಾರು ಮಾರಲು ಒಪ್ಪಿದರು. ಕಣ್ಣು ಮಂಜು, ಮಂಡಿ ನೋವು. ವಿದೇಶದಲ್ಲಿರುವ ಮಗನಿಗೆ ಕಾರಿನ ಮೇಲೆ ಆಸೆಯಿಲ್ಲ. ಕೊಳ್ಳಲು ಬಂದವನು ಮೈಸೂರಿನ ಹುಡುಗ, ಇಪ್ಪತ್ತೆಂಟರ ಪ್ರಾಯ. ಕನ್ನಡ ಕೇಳಿ ನನಗೂ ಖುಷಿಯಾಯಿತು. ಕಾರಿಗೆ ಆಗಷ್ಟೇ ಹೊಸ ಕೆಂಪು ಬಣ್ಣ ಹೊಡೆಸಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಹಿಡಿಯಿತು. ಬೀದಿಯ ಕೊನೆವರೆಗೂ ಓಡಿಸಿಕೊಂಡು ಬಂದ. "ಬ್ರೇಕ್ ಚೆನ್ನಾಗಿ ಹಿಡೀತಿದೆ ಸಾರ್. ನಾನೇ ಓಡಿಸ್ಕೊಂಡು ಹೋಗ್ತೀನಿ" ಎಂದ. ಚೆನ್ನೈನಿಂದ ಮೈಸೂರಿಗೆ ಐನೂರು ಕಿಲೋಮೀಟರ್ ಹತ್ತಿರ. ಆಂಬೂರು, ಕೃಷ್ಣಗಿರಿ, ಹೊಸೂರು, ಬೆಂಗಳೂರು, ದಾರಿಯುದ್ದಕ್ಕೂ ಕಂಟೈನರ್ ಲಾರಿಗಳು.

ನಾನು ಇರುವುದು ಒರಗಡಂ ಕಡೆಯ ಒಂದು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ. ದಿನವೂ ಕೈಗೆ ಬರುವುದು ರಬ್ಬರ್ ಭಾಗಗಳೇ. ಹಾಗಾಗಿ ಹೊಳೆಯುವ ಬಣ್ಣಕ್ಕಿಂತ ಮೊದಲು ನನ್ನ ಕಣ್ಣು ಹೋದದ್ದು ಮುಂದಿನ ಚಕ್ರದ ಒಳಗೆ. ಬ್ರೇಕ್ ಹೋಸ್ ಬಗ್ಗಿದ ಕಡೆ ಕೂದಲೆಳೆಯಂಥ ಬಿರುಕುಗಳು, ಬೇಸಿಗೆಯ ಕೆರೆಯಂಗಳದ ಹಾಗೆ. ಡಾಕ್ಟರ್ ಸಾರ್ ಬಳಿ ಕಾರಿನ ಒಂದು ಡೈರಿ ಇದೆ. ಅದರಲ್ಲಿ ಹೋಸ್ ಬದಲಿಸಿದ ಕೊನೆಯ ದಾಖಲೆ 1991ರದು. ಮಾಸ್ಟರ್ ಸಿಲಿಂಡರಿಗೆ ಮೂರು ವರ್ಷದ ಹಿಂದೆ ಹೊಸ ಕಿಟ್ ಹಾಕಿಸಿದ್ದರು. ಹೋಸ್‌ಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಬ್ರೇಕಿನ ಕೊಳವೆ ಹೆಚ್ಚಿನ ದೂರ ಉಕ್ಕಿನದ್ದೇ. ಆದರೆ ಚಕ್ರ ಮೇಲೆ ಕೆಳಗೆ ಆಡುತ್ತದೆ, ಮುಂದಿನವು ಎಡಬಲ ತಿರುಗುತ್ತವೆ. ಆ ಜಾಗದಲ್ಲಿ ಉಕ್ಕು ಮುರಿಯುತ್ತದೆ, ಅದಕ್ಕೇ ಒಂದು ತುಂಡು ರಬ್ಬರ್ ಹೋಸ್. ಅಂಬಾಸಿಡರ್, ಪದ್ಮಿನಿಗಳಲ್ಲಿ ಇಂಥ ಹೋಸ್ ಮೂರು, ಮುಂದೆ ಎರಡು, ಹಿಂದಿನ ಆ್ಯಕ್ಸಲ್ಲಿಗೆ ಒಂದು. ಸ್ಪಿಟ್‌ಫೈರ್‌ನಲ್ಲಿ ಹಿಂದಿನ ಚಕ್ರಗಳೂ ಬೇರೆ ಬೇರೆಯಾಗಿ ಆಡುವುದರಿಂದ ನಾಲ್ಕು. ಜೋರಾಗಿ ಬ್ರೇಕ್ ಒತ್ತಿದಾಗ ಇವುಗಳ ಒಳಗಿನ ಒತ್ತಡ ಸಾವಿರ ಪಿಎಸ್‌ಐ ಸುಲಭವಾಗಿ ದಾಟುತ್ತದೆ. ಟೈರಿನಲ್ಲಿ ನಾವು ತುಂಬಿಸುವ ಗಾಳಿ ಮೂವತ್ತರ ಆಸುಪಾಸು, ಲೆಕ್ಕ ಹಾಕಿ.

ಇಂದಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ. ಒಂದು ಕೈಕೊಟ್ಟರೂ ಇನ್ನೊಂದು ಅರ್ಧ ಬ್ರೇಕಾದರೂ ಕೊಡುತ್ತದೆ. ಈ ಕಾರಿನಲ್ಲಿ ಇರುವುದು ಒಂದೇ ದಾರಿ. ನಾಲ್ಕರಲ್ಲಿ ಯಾವ ಹೋಸ್ ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಮಾಯ. ಆಮೇಲೆ ಉಳಿಯುವುದು ಹಿಂದಿನ ಚಕ್ರಗಳಿಗೆ ಕೇಬಲ್ಲಿನಿಂದ ಕಟ್ಟಿದ ಹ್ಯಾಂಡ್ ಬ್ರೇಕ್ ಮಾತ್ರ. ಬೀದಿಯ ಕೊನೆಯಲ್ಲಿ ಮೆಲ್ಲನೆ ಒತ್ತಿದಾಗ 'ಚೆನ್ನಾಗಿ ಹಿಡಿಯುವ' ಬ್ರೇಕು, ಹೆದ್ದಾರಿಯಲ್ಲಿ ಲಾರಿ ಅಡ್ಡ ಬಂದಾಗ ಎರಡೂ ಕಾಲಿನ ಭಾರ ಹಾಕಿದರೆ ಹಿಡಿದೀತೆಂಬ ಭರವಸೆ ಇಲ್ಲ.

ಹುಡುಗ ಹೋದಮೇಲೆ ಡಾಕ್ಟರ್ ಸಾರ್‌ಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಹಿಡಿಸಲಿಲ್ಲ. "ಮೂವತ್ತು ವರ್ಷದಿಂದ ಏನೂ ಆಗಿಲ್ಲವಲ್ಲ ತಂಬಿ" ಎಂದರು. ರಾತ್ರಿ ಮಗ ಫೋನಿನಲ್ಲಿ ಹೇಳಿದ್ದು ಇನ್ನೂ ಚುಟುಕು: ಇದ್ದದ್ದು ಇದ್ದಂತೆ ಕೊಡೋದು ಅಂತ ಕಾಗದದಲ್ಲಿ ಬರೆದಾಗಿದೆ, ಕೈ ಹಾಕಬೇಡಿ, ಕೈ ಹಾಕಿದರೆ ಜವಾಬ್ದಾರಿ ನಿಮ್ಮದೇ ಆಗುತ್ತದೆ. ಕಾನೂನಿನ ಲೆಕ್ಕದಲ್ಲಿ ಅವನ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ನಾನು ಬಾಡಿಗೆದಾರ, ಹೊರಗಿನವನು, ಅಪ್ಪ ಮಗನ ನಡುವೆ ಬಾಯಿ ಹಾಕುವವನಲ್ಲ. ಆದರೂ ಒಂದು ಮಾತು ಹೇಳಿ ಮೆಟ್ಟಿಲು ಹತ್ತಿದೆ: "ಸಾರ್, ಆ ಹುಡುಗ ನಿಮ್ಮನ್ನು ನೋಡಿ ನಂಬಿದ್ದಾನೆ, ಕಾಗದ ನೋಡಿ ಅಲ್ಲ."

ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟಿದರು. ಆ ಮಂಡಿಯಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ಬಂದಿದ್ದರು. ಕೈಯಲ್ಲಿ ಹಳೆಯ ಲೆಟರ್‌ಹೆಡ್ಡಿನ ಒಂದು ಹಾಳೆ. "ಪ್ರಿಸ್ಕ್ರಿಪ್ಷನ್ ಬರಿ" ಎಂದರು. ಬರೆದೆ: ಹೋಸ್ ನಾಲ್ಕು, ತಾಮ್ರದ ವಾಷರ್, ಡಾಟ್ 4 ಬ್ರೇಕ್ ಆಯಿಲ್ ಒಂದು ಲೀಟರ್.

ಮೊದಲು ಹೋದದ್ದು ಜನರಲ್ ಪ್ಯಾಟರ್ಸ್ ರಸ್ತೆಗೆ. ಒಂದು ಅಂಗಡಿಯವರು ನೋಡಿದ ಕೂಡಲೇ ಉದ್ದ ಸರಿಹೊಂದುವ ಹೋಸ್ ತೆಗೆದು ಕೌಂಟರಿನ ಮೇಲಿಟ್ಟರು. ಜೊತೆಗೆ ಒಯ್ದಿದ್ದ ಹಳೆಯ ಪೈಪ್ ನಟ್ಟು ಅದರೊಳಗೆ ಬೆಣ್ಣೆಯಂತೆ ಇಳಿಯಿತು. ಸಮಸ್ಯೆ ಇದ್ದದ್ದೇ ಅಲ್ಲಿ. ಹಳೆಯ ಇಂಗ್ಲಿಷ್ ಕಾರುಗಳ ಮರೆ ಮೂರೆಂಟನೇ ಇಂಚಿನ ಯುಎನ್‌ಎಫ್, ಅಂದರೆ 9.525 ಮಿಲಿಮೀಟರ್, ಇಂಚಿಗೆ 24 ಸುತ್ತು. ಈಗಿನ ಹೋಸ್‌ಗಳದ್ದು 10 ಮಿಲಿಮೀಟರ್, ಒಂದು ಮಿಲಿಮೀಟರಿಗೆ ಒಂದು ಸುತ್ತು. ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ಕಡಿಮೆ. ಚಿಕ್ಕ ನಟ್ಟು ದೊಡ್ಡ ಮರೆಯಲ್ಲಿ ಸಡಿಲವಾಗಿ ಕೂರುತ್ತದೆ. ಬಿಗಿ ಮಾಡಿದರೆ ಮರೆ ಕಿತ್ತು ಬರುತ್ತದೆ, ಇಲ್ಲವೇ ಒತ್ತಡ ಬಂದ ದಿನ ಹಾರಿಹೋಗುತ್ತದೆ. ಪಿಚ್ ಗೇಜ್ ಹಿಡಿದು ತೋರಿಸಿದಾಗ ಅಂಗಡಿಯವರು ನಕ್ಕು ವಾಪಸ್ ಇಟ್ಟುಕೊಂಡರು. ಕೊನೆಗೆ ಸರಿಯಾದ ಹೋಸ್ ಇಂಗ್ಲೆಂಡಿನಿಂದಲೇ ಬಂತು. ತರಿಸಿಕೊಟ್ಟವನು ಮಗನೇ! ಅಪ್ಪನ ಹಟದ ಮುಂದೆ ಅವನದು ನಡೆಯಲಿಲ್ಲ. ಪಾರ್ಸಲ್ ಬಂದಾಗ ಮೊದಲು ನೋಡಿದ್ದು ಹೋಸ್ ಮೇಲೆ ಮುದ್ರಿಸಿದ್ದ ತಯಾರಿಕೆಯ ತಿಂಗಳು, ವರ್ಷ. ಬಳಸದೆ ಡಬ್ಬಿಯಲ್ಲಿಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ.

ಅಷ್ಟರವರೆಗೆ ಹುಡುಗನಿಗೆ ಎರಡು ವಾರ ಕಾಯಲು ಹೇಳಿದ್ದೆವು. ನಾನು ಮೂರು ದಿನ ಮೊದಲಿನಿಂದಲೇ ಜಾಯಿಂಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತ ಬಂದೆ. ಭಾನುವಾರ ಬೆಳಿಗ್ಗೆ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜ್ಯಾಕ್ ಏರಿಸಿ, ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು. ಸ್ಪಿಟ್‌ಫೈರ್‌ನ ಒಂದು ಸೊಗಸೆಂದರೆ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಕೆಲಸ ಸ್ಟೂಲಿನ ಮೇಲೆ ಕೂತು ಮಾಡಬಹುದು.

ನಮ್ಮಪ್ಪ ಹರಿಹರದ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮನೆಯ ನಲ್ಲಿ ರಿಪೇರಿಯಲ್ಲೂ ಅವರ ನಿಯಮ ಒಂದೇ: ಕೊಳವೆ ಬಿಚ್ಚುವಾಗ ಕೈಯಲ್ಲಿ ಎರಡು ಪಾನಾ ಇರಬೇಕು, ಒಂದು ತಿರುಗಿಸೋಕೆ, ಒಂದು ತಡೆಯೋಕೆ. ಹೋಸ್ ಕೆಲಸದ ಸಾರವೂ ಅದೇ. ಹೋಸ್‌ನ ಆರು ಮೂಲೆಯ ತಲೆಯನ್ನು ಒಂದು ಪಾನಾದಲ್ಲಿ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ಉಕ್ಕಿನ ಪೈಪಿನ ನಟ್ಟು ಸಡಿಲಿಸಬೇಕು. ತಡೆಯದೆ ತಿರುಗಿಸಿದರೆ ಪೈಪೇ ತಿರುಚಿಕೊಂಡು ಸೀಳುತ್ತದೆ. ಆಮೇಲೆ ಬ್ರಾಕೆಟ್ಟಿಗೆ ಕಟ್ಟಿದ ಲಾಕ್ ನಟ್ಟು. ಕೊನೆಗೆ ಇಡೀ ಹೋಸನ್ನೇ ತಿರುಗಿಸಿ ಕ್ಯಾಲಿಪರಿನಿಂದ ಬಿಚ್ಚುವುದು. ಹಾಕುವಾಗ ಉಲ್ಟಾ: ಮೊದಲು ಹೊಸ ತಾಮ್ರದ ವಾಷರ್ ಇಟ್ಟು ಕ್ಯಾಲಿಪರಿನ ತುದಿ, ಆಮೇಲೆ ಹೋಸ್ ತಿರುಚದಂತೆ ನೋಡಿಕೊಂಡು ಬ್ರಾಕೆಟ್, ಕೊನೆಗೆ ಪೈಪಿನ ನಟ್ಟು. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಹೋಸ್ ಟೈರಿಗಾಗಲಿ ಇನ್ನೆಲ್ಲಿಗಾಗಲಿ ತಾಗುವುದಿಲ್ಲ ಎಂದು ನೋಡಬೇಕು. ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲ್. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಹೊಸ ಕೆಂಪು ಬಣ್ಣಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡಿದ್ದೆ.

ಮುಂದಿನ ಎಡ ಚಕ್ರ ಮೇಲೆತ್ತಿದಾಗಲೂ ಬಿಗಿಯಾಗಿ ತಿರುಗುತ್ತಿತ್ತು. ಪೆಡಲ್ ಬಿಟ್ಟರೂ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ಹೋಸ್‌ನ ಮೇಲಿನ ಜಾಯಿಂಟು ಸಡಿಲಿಸಿದೆ, ಚಕ್ರ ಹಾಗೇ ಇತ್ತು. ಕ್ಯಾಲಿಪರಿನ ಏರ್ ನಿಪ್ಪಲ್ ಸಡಿಲಿಸಿದೆ, ಚಿಮ್ಮಿತು, ಚಕ್ರ ಹಗುರಾಯಿತು. ಹಾಗಾದರೆ ಒತ್ತಡ ಸಿಕ್ಕಿಕೊಂಡದ್ದು ಹೋಸ್‌ನಲ್ಲೇ. ಬಿಚ್ಚಿದ ಹೋಸನ್ನು ಉದ್ದಕ್ಕೆ ಸೀಳಿದೆ. ಒಳಪದರ ಊದಿ, ರಂಧ್ರ ಸೂಜಿ ತೂರುವಷ್ಟು ಉಳಿದಿತ್ತು. ಕಾಲಿನ ಬಲಕ್ಕೆ ದ್ರವ ಒಳಗೆ ನುಗ್ಗುತ್ತದೆ, ಹಿಂದಕ್ಕೆ ಬರಲು ಅದಕ್ಕೆ ಬಲವಿಲ್ಲ. ಹೆದ್ದಾರಿಯಲ್ಲಿ ಆ ಒಂದು ಚಕ್ರ ಉಜ್ಜಿಕೊಂಡೇ ಓಡಿ ಕಾಯುತ್ತಿತ್ತು, ದ್ರವ ಕುದಿಯುತ್ತಿತ್ತು.

ಡಾಕ್ಟರ್ ಸಾರ್ ಕನ್ನಡಕ ಏರಿಸಿ, ಸೀಳಿದ ಹೋಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಮ್ಮ ಡಿಪಾರ್ಟ್‌ಮೆಂಟು" ಎಂದರು. "ಹೊರಗಿಂದ ನೋಡಿ ಯಾವ ಪೇಷೆಂಟನ್ನೂ ನಾನು ಮನೆಗೆ ಕಳಿಸುತ್ತಿರಲಿಲ್ಲ. ಕಾರನ್ನು ಕಳಿಸಿಬಿಡುತ್ತಿದ್ದೆ ನೋಡು." ಅಷ್ಟೇ. ಮಗನ ಜೊತೆ ಏನು ಮಾತಾಡಿದರೋ ಗೊತ್ತಿಲ್ಲ, ಆ ಹೋಸ್‌ನ ಫೋಟೋ ಮಾತ್ರ ಅವತ್ತೇ ಅವನಿಗೆ ಹೋಯಿತು.

ನಾಲ್ಕೂ ಹೋಸ್ ಕೂತಮೇಲೆ ಏರ್ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ತೆರೆದು ಮುಚ್ಚಬೇಕು. ನಿಪ್ಪಲ್ ಮುಚ್ಚುವ ಮೊದಲೇ ಕಾಲು ಬಿಟ್ಟರೆ ಗಾಳಿ ಮತ್ತೆ ಒಳಗೆ. ನನ್ನ ಹೆಂಡತಿ ಬರುತ್ತೇನೆಂದಳು. ಡಾಕ್ಟರ್ ಸಾರ್ ಬಿಡಲಿಲ್ಲ, ತಾವೇ ಬಾಗಿಲು ಹಿಡಿದು ಮೆಲ್ಲಗೆ ಆ ತಗ್ಗು ಸೀಟಿನೊಳಗೆ ಇಳಿದು ಕೂತರು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು.

"ಅಮುಕ್ಕುಂಗ ಸಾರ್... ಪಿಡಿಂಗ... ವಿಡುಂಗ." ನಿಪ್ಪಲ್ಲಿಗೆ ಸಿಕ್ಕಿಸಿದ ಟ್ಯೂಬಿನಿಂದ ಬಾಟಲಿಯೊಳಗೆ ಗುಳ್ಳೆ. ಮತ್ತೆ. ಹತ್ತು ಹನ್ನೆರಡು ಸಲವಾದ ಮೇಲೆ ನನ್ನ ಬಾಯಲ್ಲಿ ತಮಿಳು ಹೋಗಿ ಕನ್ನಡ ಬರತೊಡಗಿತು: "ಅಮುಕಿ... ಹಿಡೀರಿ... ಬಿಡಿ." ಅವರ ಕಾಲು ಒಂದು ಸಲವೂ ತಪ್ಪಲಿಲ್ಲ. ಅಮುಕ್ಕು, ಪಿಡಿ, ವಿಡು. ಅಮುಕು, ಹಿಡಿ, ಬಿಡು. ಇಷ್ಟು ವರ್ಷ ಎರಡೂ ಭಾಷೆ ಆಡಿಯೂ ಈ ಮೂರು ಮಾತು ಇಷ್ಟು ಹತ್ತಿರವೆಂದು ಕೇಳಿಸಿರಲಿಲ್ಲ. ನಾಲ್ಕು ಚಕ್ರ ಮುಗಿಯಲು ಒಂದೂಮುಕ್ಕಾಲು ಗಂಟೆ. ನಡುವೆ ಇಳಿದು ಕಾಲು ಚಾಚಿ ಎಂದರೂ ಕೇಳಲಿಲ್ಲ. ಕೊನೆಯಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಒಂದು ನಿಮಿಷ ಅದುಮಿ ಹಿಡಿಯಲು ಹೇಳಿ, ಎಲ್ಲ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿದೆ. ಎಲ್ಲೂ ಪಸೆ ಇಲ್ಲ.

ಸಂಜೆ ಬೀದಿ ಖಾಲಿಯಾದಾಗ ಮೊದಲು ಹ್ಯಾಂಡ್ ಬ್ರೇಕ್ ಪರೀಕ್ಷಿಸಿ, ಆಮೇಲೆ ನಡಿಗೆಯ ವೇಗದಲ್ಲಿ, ಆಮೇಲೆ ಇಪ್ಪತ್ತು, ನಲವತ್ತು. ನೇರವಾಗಿ ನಿಂತಿತು. ಮಾರನೇ ದಿನ ಮತ್ತೆ ಎಲ್ಲ ಜಾಯಿಂಟು ನೋಡಿದೆ.

ಹುಡುಗ ಬಂದಾಗ ಸೀಳಿದ ಹೋಸ್ ಅವನ ಕೈಗಿತ್ತೆವು. ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಲಾರಿ ಮೇಲೇ ತಗೊಂಡು ಹೋಗ್ತೀನಿ ಸಾರ್, ಅಲ್ಲಿ ಉಳಿದದ್ದೂ ಒಂದ್ಸಲ ನೋಡಿಸ್ಬಿಡ್ತೀನಿ" ಎಂದ. ಡಾಕ್ಟರ್ ಸಾರ್ ಡೈರಿಯನ್ನೂ ಅವನಿಗೇ ಕೊಟ್ಟರು. ಕೊನೆಯ ಪುಟದಲ್ಲಿ ತಾರೀಖು, ಕಿಲೋಮೀಟರ್, ನಾಲ್ಕು ಹೋಸ್, ಡಾಟ್ 4. ಅದರ ಕೆಳಗೆ, ಅವರ ಆ ಓದಲಾಗದ ಡಾಕ್ಟರ್ ಅಕ್ಷರದಲ್ಲಿ: ಬಿಚ್ಚಿ ಹಾಕಿದವನು ತಂಬಿ, ಒತ್ತಿದವನು ನಾನು.

ನಮ್ಮಲ್ಲಿ ಸ್ಪಿಟ್‌ಫೈರ್ ಇರುವವರು ಎಷ್ಟು ಜನ? ಆದರೆ ಅಪ್ಪನ ಪದ್ಮಿನಿಯೋ ಅಂಬಾಸಿಡರೋ, ಹದಿನೈದು ವರ್ಷದ ಮಾರುತಿಯೋ ಊರಿನ ಮನೆಯಲ್ಲಿ ಬಟ್ಟೆ ಹೊದ್ದು ನಿಂತಿರುವವರು ಬಹಳ ಮಂದಿ. ಹಬ್ಬಕ್ಕೆ ಹೋದಾಗ ಬ್ಯಾಟರಿ ಹಾಕಿಸಿ, ಗಾಳಿ ತುಂಬಿಸಿ ಹೊರಡುತ್ತೇವೆ. ಈ ಸಲ ಹೊರಡುವ ಮೊದಲು ಟಾರ್ಚ್ ಹಿಡಿದು ಮುಂದಿನ ಚಕ್ರದ ಒಳಗೊಮ್ಮೆ ನೋಡಿ. ಹೋಸ್ ಬಗ್ಗಿಸಿದಾಗ ಬಿರುಕು ಕಂಡರೆ, ಒತ್ತಿದಾಗ ಮೆತ್ತಗೆ ಊದಿದಂತಿದ್ದರೆ, ಒಂದೇ ಒಂದು ಚಕ್ರ ಉಳಿದವಕ್ಕಿಂತ ಬಿಸಿಯಾಗುತ್ತಿದ್ದರೆ, ಆ ದಿನದ ಪ್ರಯಾಣಕ್ಕೆ ಬಸ್ಸು ಹಿಡಿಯಿರಿ. ಎಲ್ಲ ಹೋಸ್‌ಗಳನ್ನೂ ಒಟ್ಟಿಗೆ ಬದಲಿಸಿ, ಒಂದೊಂದೇ ಅಲ್ಲ. ಪಾನಾ ಹಿಡಿದು ಅಭ್ಯಾಸವಿಲ್ಲದಿದ್ದರೆ ಬಲ್ಲವರಿಂದಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಶೆಡ್ಡು ಈಗ ಖಾಲಿ. ಡಾಕ್ಟರ್ ಸಾರ್ ಅಲ್ಲಿ ಎರಡು ಬೆತ್ತದ ಕುರ್ಚಿ ಹಾಕಿಸಿದ್ದಾರೆ. ಹುಡುಗ ಮೊನ್ನೆ ಫೋನ್ ಮಾಡಿ, ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದೆವು ಎಂದ. "ಇಳಿಯುವಾಗ ಯಾವ ಗೇರಿನಲ್ಲಿದ್ದೆ?" ಎಂದು ಡಾಕ್ಟರ್ ಸಾರ್ ಕೇಳಿದರು. ಎರಡನೆಯದು ಎಂದದ್ದಕ್ಕೆ ಸಮಾಧಾನವಾಗಿ ಫೋನ್ ನನಗೆ ಕೊಟ್ಟರು.