ಹಿಂದಿನ ಬ್ರೇಕು

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋದ ತಂದೆತಾಯಿಗಳು ಸಾಮಾನ್ಯವಾಗಿ ಲಂಡನ್ನಿನ ದೊಡ್ಡ ಗಡಿಯಾರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. 2018ರ ಬೇಸಿಗೆಯಲ್ಲಿ ಕಾವೆಂಟ್ರಿಗೆ ಹೋಗಿದ್ದ ನಾವು ತಂದ ಫೋಟೊದಲ್ಲಿ ನಮ್ಮ ಕೈಗಳಿಗೆ ಮೊಣಕೈವರೆಗೆ ಗ್ರೀಸು ಹತ್ತಿದೆ; ಬೆನ್ನ ಹಿಂದೆ ಒಂದು ಕಬ್ಬಿಣದ ಹಂದರ ನಿಂತಿದೆ. ಆ ಫೋಟೊವನ್ನು ಬೀಗರಿಗೆ ತೋರಿಸಲು ನಮ್ಮ ಮನೆಯವರು ಇಂದಿಗೂ ಒಪ್ಪುವುದಿಲ್ಲ.

ಆ ಹಂದರವೇ ಮಗನ ಕಿಟ್ ಕಾರು. ಚಾಸಿ, ಬಾಡಿ, ಬಿಡಿಭಾಗಗಳನ್ನು ತಂದು ಮನೆಯ ಗ್ಯಾರೇಜಿನಲ್ಲಿ ತಾವೇ ಕಾರು ಜೋಡಿಸುವ ಹವ್ಯಾಸ ಅಲ್ಲಿ ಹಳೆಯದು. 1957ರಲ್ಲಿ ಬಂದ ಲೋಟಸ್ ಸೆವೆನ್ ಇದರಲ್ಲಿ ಹೆಸರುವಾಸಿ. ಬಿಡಿಭಾಗಗಳಾಗಿ ಕೊಂಡರೆ ಇಡೀ ಕಾರಿನ ಮೇಲಿನ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಹವ್ಯಾಸ ಮಾತ್ರ ಹೋಗಲಿಲ್ಲ. ನಮ್ಮ ಮಗ ಕಟ್ಟುತ್ತಿದ್ದುದು ಅದೇ ಮಾದರಿಯ ಇಬ್ಬರ ಕಾರು. ಇಂಜಿನ್ನು, ಹಬ್ಬುಗಳು, ಬ್ರೇಕುಗಳು ಒಂದು ಹಳೆಯ ಫೋರ್ಡ್ ಸಿಯೆರಾದಿಂದ ಕಳಚಿ ತಂದವು. ಗಾಲಿಗಳು ಹದಿಮೂರು ಇಂಚಿನ ಸಣ್ಣವು.

ನಾವು 1974ರಲ್ಲಿ ಗದಗಿನಿಂದ ಮುಂಬಯಿಗೆ ಬಂದು, ಠಾಣೆಯ ಒಂದು ಕಾರಖಾನೆಯಲ್ಲಿ ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತವರು. ಮಾಡಿದ್ದು ಒಂದೇ ಕೆಲಸ, ಬ್ರೇಕ್ ಡ್ರಮ್ಮಿನ ಒಳಮೈ ಅಳತೆಗೆ ತರುವುದು. ಆ ಕಾಲದ ಪದ್ಮಿನಿ ಟ್ಯಾಕ್ಸಿಗೆ ನಾಲ್ಕೂ ಗಾಲಿಗೆ ಡ್ರಮ್ಮೇ. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ ಮರೆಯಾದಾಗ ನಮ್ಮ ಓರಗೆಯವರೇ ಹೋದಂತೆನಿಸಿತ್ತು. ಆದ್ದರಿಂದ ಮಗ ಹಿಂದಿನ ಡ್ರಮ್ಮು ಕಿತ್ತು ಡಿಸ್ಕ್ ಬ್ರೇಕು ಕೂಡಿಸುತ್ತೇನೆ ಎಂದಾಗ ನಮಗೆ ತುಸು ಅವಮಾನವೇ ಆಯಿತು.

"ಹಿಂದಿನ ಡ್ರಮ್ಮ ಚಲೋ ಅದಾವಲ್ಲೋ. ಹ್ಯಾಂಡ್‌ಬ್ರೇಕೂ ಅದರಾಗ ಐತಿ. ಯಾಕ ತೆಗೀತಿ?" ಎಂದೆವು.

"ಅಪ್ಪಾ, ಡ್ರಮ್ಮ ಕಾದ್ರ ಹಿಗ್ಗಿ ಶೂದಿಂದ ದೂರ ಸರೀತದ. ಡಿಸ್ಕ ಕಾದ್ರ ಪ್ಯಾಡಿನ ಕಡೇನ ಹಿಗ್ತದ. ನಾ ಸಣ್ಣಾಂವ ಇದ್ದಾಗ ನೀವ ಹೇಳಿದ್ರಿ" ಎಂದ.

ಹೇಳಿದ್ದು ನಿಜ. ತಿರುಗುವ ತಟ್ಟೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ನಿಲ್ಲಿಸುವುದೇ ಡಿಸ್ಕ್ ಬ್ರೇಕು; ಹಿಡಿಯುವ ಕೈಗೆ ಕ್ಯಾಲಿಪರ್ ಎನ್ನುತ್ತಾರೆ. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ. 1953ರಲ್ಲಿ ಫ್ರಾನ್ಸಿನ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಯ ಓಟವನ್ನು ಜಾಗ್ವಾರ್ ಕಾರು ಗೆದ್ದದ್ದು ಡನ್‌ಲಪ್ ಡಿಸ್ಕ್ ಬ್ರೇಕುಗಳ ಬಲದಿಂದ. ಆ ಕಾರು ಹುಟ್ಟಿದ್ದು ಇದೇ ಕಾವೆಂಟ್ರಿಯಲ್ಲಿ. ನಾವು ಬಾಯಿ ಮುಚ್ಚಿ ಸ್ಪ್ಯಾನರು ಹಿಡಿದೆವು.

ಎರಡು ದಿನದಲ್ಲಿ ಡಿಸ್ಕು, ಕ್ಯಾಲಿಪರು ಕೂತವು. ಗಾಲಿ ಏರಿಸಿದರೆ ಅದು ಕಟ್ಟೆಂದು ತಡೆದು ನಿಂತಿತು. ಬೋಲ್ಟಿನ ಮುಖಕ್ಕೆ ಮುಟ್ಟಲೇ ಇಲ್ಲ.

ಊರಿಂದ ಒಯ್ದಿದ್ದ ಹಳೆಯ ವರ್ನಿಯರ್ ತೆಗೆದು ಅಳೆದೆವು. ಹದಿಮೂರು ಇಂಚು, ಅಂದರೆ 330 ಮಿಲಿಮೀಟರು, ಎಂಬುದು ಟೈರು ಕೂಡುವ ಅಂಚಿನ ಅಳತೆ. ಟೈರು ಏರಿಸಲು ಅನುಕೂಲವಾಗಲೆಂದು ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಒಳಗಿನಿಂದ ಅದು ಉಬ್ಬಾಗಿ ಜಾಗವನ್ನು ತಿನ್ನುತ್ತದೆ. ಹೀಗಾಗಿ ಗಾಲಿಯ ನಡುಬಿಂದುವಿನಿಂದ ನಮಗೆ ಉಳಿದದ್ದು 146 ಮಿಲಿಮೀಟರು. ಡಿಸ್ಕಿನ ಅರ್ಧ 126. ಅದರ ಅಂಚಿನ ಮೇಲೆ ಹಾದುಹೋಗುವ ಕ್ಯಾಲಿಪರಿನ ಬೆನ್ನು 28. ಕೂಡಿದರೆ 154. ಎಂಟು ಮಿಲಿಮೀಟರಿನ ಜಗಳ.

ದೊಡ್ಡ ಗಾಲಿ ಹಾಕಿದರೆ ಕಾರಿನ ಚೆಲುವೇ ಹೋಗುತ್ತದೆ ಎಂದು ಮಗ ಒಪ್ಪಲಿಲ್ಲ. ನಡುವೆ ದಪ್ಪ ಸ್ಪೇಸರು ಕೊಟ್ಟು ಗಾಲಿಯನ್ನು ಹೊರಗೆ ತಳ್ಳಿದರೆ ನಟ್ಟಿಗೆ ಸಿಗುವ ಎಳೆ ಕಡಿಮೆ, ಬೇರಿಂಗಿಗೆ ಭಾರ ಹೆಚ್ಚು. ಸಂಜೆಯ ಹೊತ್ತಿಗೆ ಅವನಿಗೆ ತಾಳ್ಮೆ ತೀರಿತು. ಕ್ಯಾಲಿಪರಿನ ಬೆನ್ನನ್ನೇ ಸವೆಸುತ್ತೇನೆಂದು ಗ್ರೈಂಡರ್ ಎತ್ತಿಕೊಂಡ.

"ಕೆಳಗಿಡು!" ಎಂದು ಕೂಗಿದೆವು. ಅಡಿಗೆಮನೆಯಲ್ಲಿದ್ದ ಸೊಸೆ ಓಡಿ ಬಂದಳು. ಆ ಬೆನ್ನೇ ಬ್ರೇಕಿನ ಹಿಡಿತವನ್ನೆಲ್ಲ ತಾಳುವ ಜಾಗ. ಅದು ತೆಳ್ಳಗಾದರೆ ಮೊದಲು ಬಾಗುತ್ತದೆ, ಮುಂದೊಂದು ದಿನ ಸೀಳುತ್ತದೆ.

"ಎಂಟು ಮಿಲಿಮೀಟರ್, ಅಪ್ಪಾ. ಏನೂ ಆಗಂಗಿಲ್ಲ, ಹೋಗಲಿ ಬಿಡ್ರಿ" ಎಂದ.

ಆ 'ಹೋಗಲಿ ಬಿಡಿ' ಕೇಳಿ ನಮಗೆ ನಿಲ್ಲಲಾಗಲಿಲ್ಲ. ಅಲ್ಲಿದ್ದ ಟೈರಿನ ಮೇಲೆ ಕುಳಿತು, ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಅವನಿಗೆ ಹೇಳಿದೆವು. 1986ರ ಮಾರ್ಚ್ ತಿಂಗಳ ಕೊನೆಯ ದಿನ. ಲೇತಿನ ಸೆಟ್ಟಿಂಗ್ ತಪ್ಪಿ ನಲವತ್ತು ಡ್ರಮ್ಮುಗಳ ಬೋರು ಮಿತಿಗಿಂತ ದೊಡ್ಡದಾಗಿತ್ತು, ಗೋಡೆ ತೆಳ್ಳಗಾಗಿತ್ತು. ವರ್ಷದ ಲೆಕ್ಕ ತುಂಬಬೇಕಿತ್ತು. ಮೇಲಿನವರು "ಹೋಗಲಿ ಬಿಡಿ" ಎಂದರು. ಸರಿಯಿದೆ ಎಂದು ಮುದ್ರೆ ಒತ್ತಿದ ಕೈ ನಮ್ಮದು. ಮನೆಯಲ್ಲಿ ಎರಡು ತಿಂಗಳ ಕೂಸು, ನೌಕರಿ ಬೇಕಿತ್ತು. ಆ ಡ್ರಮ್ಮುಗಳು ಯಾವ ಗಾಡಿಗೆ, ಯಾವ ಘಾಟಿಗೆ ಹೋದವೋ ತಿಳಿಯದು. ಬಸ್ಸಿನ ಬ್ರೇಕು ಕಿರುಗುಟ್ಟಿದಾಗಲೆಲ್ಲ ಇಂದಿಗೂ ತಿರುಗಿ ನೋಡುತ್ತೇವೆ.

ಆ ಕೂಸು ಗ್ರೈಂಡರಿನ ಪ್ಲಗ್ಗು ತೆಗೆದು ವೈರು ಸುತ್ತಿಟ್ಟ. ಒಂದು ಮಾತೂ ಆಡಲಿಲ್ಲ.

ಮರುದಿನ ಪಕ್ಕದ ಮನೆಯ ಹಿರಿಯರು ಚಹಾ ಕುಡಿಯಲು ಬಂದವರು ನಮ್ಮ ಪೇಚಾಟ ನೋಡಿ ನಕ್ಕರು. 1961ರ ಮಿನಿ ಕೂಪರ್ ಕಾರಿಗೆ ಗಾಲಿ ಬರೀ ಹತ್ತು ಇಂಚು. ಅದರ ಮುಂದಿನ ಗಾಲಿಗಳಲ್ಲೇ ಏಳು ಇಂಚಿನ ಡಿಸ್ಕು ಕೂಡಿಸಿದ್ದರು ಎಂದರು. ಗಾಲಿ ಸಣ್ಣದಾದರೆ ಡಿಸ್ಕೂ ಸಣ್ಣದಾಗಬೇಕು, ಅಷ್ಟೇ.

ಸಣ್ಣ ಡಿಸ್ಕಿಗೆ ಹಿಡಿತ ಕಡಿಮೆಯಾದೀತೆಂದು ಮಗನ ಅಳುಕು. ಅದಕ್ಕೆ ಉತ್ತರ ನಮಗೆ ಗೊತ್ತಿತ್ತು. ಬ್ರೇಕು ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಆಗ ಹಿಂದಿನ ಬ್ರೇಕು ಜೋರಾಗಿದ್ದರೆ ಹಿಂದಿನ ಗಾಲಿ ಮೊದಲು ಕಚ್ಚಿಕೊಂಡು ಜಾರಿ, ಕಾರು ಬುಗುರಿಯಂತೆ ತಿರುಗುತ್ತದೆ. ಮನೆಯಲ್ಲಿ ಕಟ್ಟಿದ ಕಾರಿಗೆ ಅಲ್ಲಿ 2009ರಿಂದ ಐ.ವಿ.ಎ. ಎಂಬ ತಪಾಸಣೆಯಿದೆ, ಮುಂದಿನ ಗಾಲಿಗಳೇ ಮೊದಲು ಕಚ್ಚಬೇಕೆಂಬುದು ಅದರ ಒಂದು ನಿಯಮ. ಹಿಂದಿನ ಬ್ರೇಕು ಇರಬೇಕು, ಆದರೆ ಮುಂದಿನದನ್ನು ಮೀರಬಾರದು. ಮಗನ ಮನೆಯಲ್ಲಿ ಬಂದು ಕುಳಿತ ಮುದುಕರೂ ನೆನಪಿಡತಕ್ಕ ಮಾತು.

ಊರಿಂದ ಒಯ್ದಿದ್ದ ಪೇಡೆಯ ಡಬ್ಬಿಯ ರಟ್ಟನ್ನು ಕ್ಯಾಲಿಪರಿನ ಆಕಾರಕ್ಕೆ ಕತ್ತರಿಸಿ, ಹಬ್ಬಿಗೆ ಕಟ್ಟಿ, ಗಾಲಿ ತಿರುಗಿಸಿ ನೋಡಿದೆವು. ಡಿಸ್ಕು 228 ಮಿಲಿಮೀಟರು, ಬೆನ್ನು 25 ಇರುವ ಸಣ್ಣ ಕ್ಯಾಲಿಪರು, ಅದಕ್ಕೆ ಹ್ಯಾಂಡ್‌ಬ್ರೇಕಿನ ಲಿವರು. ಮೊತ್ತ 139, ನಡುವೆ ಏಳು ಮಿಲಿಮೀಟರಿನ ಗಾಳಿ. ಅದೇ ರಟ್ಟಿನ ಗುರುತಿನ ಮೇಲೆ ಮಗ ದಪ್ಪ ಉಕ್ಕಿನ ಪಟ್ಟಿಯಲ್ಲಿ ಬ್ರಾಕೆಟ್ಟು ಮಾಡಿಸಿ ತಂದ. ಗಾಲಿ ಏರಿಸಿದೆವು. ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ತಿರುಗಿತು.

ನಾವು ಠಾಣೆಗೆ ಮರಳಿದ ಮೇಲೆ ನವೆಂಬರಿನಲ್ಲಿ ಫೋನು ಬಂತು. "ಅಪ್ಪಾ, ಪಾಸಾತು. ಹಿಂದಿನವು ಕಡೀಕ ಕಚ್ಚಿದವು" ಎಂದ. ಆಮೇಲೆ ತುಸು ತಡೆದು, "ಆ ರಟ್ಟು ಗ್ವಾಡಿಗೆ ಹೊಡದೀನ್ರಿ" ಎಂದ.

ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇಂದು ಕಾರಖಾನೆಗಳಲ್ಲಿ ಮುದ್ರೆ ಒತ್ತುವ ಜಾಗದಲ್ಲಿದ್ದಾರೆ. ಅವರಿಗೂ ಯಾವುದೋ ತಿಂಗಳ ಕೊನೆಗೆ ಆ ಎರಡು ಮಾತು ಕೇಳಿಬರುತ್ತದೆ. ಅದಕ್ಕಾಗಿ ಇದನ್ನು ಬರೆದೆವು. ಬರೆಯುವುದು ಸುಲಭವಾಗಿರಲಿಲ್ಲ. ನಲವತ್ತು ಡ್ರಮ್ಮುಗಳ ಸಂಗತಿ ನಮ್ಮ ಮನೆಯವರಿಗೆ ಇನ್ನೂ ಗೊತ್ತಿಲ್ಲ. ಈ ಪತ್ರಿಕೆ ಮನೆಗೆ ಬಂದರೆ ಮೊದಲು ಓದುವವರು ಅವರೇ.